ಅಣುಸ್ಥಾವರ ಮುಚ್ಚಿ ಒಡೆದ ಮೇಲೆ ಜಾಗ ಶುದ್ಧವಾಗಿದೆ ಅಂತ ಯಾರು, ಹೇಗೆ ಹೇಳುವುದು?

ಪೆರ್ಲ_ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡು ಜಿಲ್ಲೆಯ ಚೀಮೇನಿಗೆ ಅಣುವಿದ್ಯುತ್ ಸ್ಥಾವರ ಬರ್ತದೆ, ಬರುವುದಿಲ್ಲ ಅಂತ ಪೇಪರಿನಲ್ಲಿ ಆಗಾಗ ಕಾಣ್ತದೆ. ಬೇಕಾ ಬೇಡವಾ ಅನ್ನುವ ಜಗಳ ಇಲ್ಲಿ ಬೇಕಾದಷ್ಟು ಆಗಿದೆ, ಪುನಃ ಸುರು ಮಾಡುವುದು ಬೇಡ. ನಾನು ಕೇಳುವುದು ಅದರ ಕೊನೆಯ ಬಗ್ಗೆ. ಸ್ಥಾವರ ನಲವತ್ತೋ ಅರುವತ್ತೋ ವರ್ಷ ಓಡಿ ನಿಲ್ತದೆ, ಕಟ್ಟಡ ಒಡೀತಾರೆ. ಆಮೇಲೆ ಮಣ್ಣಿನಲ್ಲಿ, ನೀರಿನಲ್ಲಿ, ಉಳಿದ ಗೋಡೆಯಲ್ಲಿ ವಿಕಿರಣ ವಸ್ತು ಎಷ್ಟು ಉಳಿದಿದೆ ಅಂತ ಹೇಗೆ ನೋಡ್ತಾರೆ? ಇನ್ನು ಇಲ್ಲಿ ಮನೆ ಕಟ್ಟಬಹುದು, ಬಾವಿ ತೋಡಬಹುದು ಅಂತ ಸಹಿ ಹಾಕುವುದು ಯಾವ ಲೆಕ್ಕದಲ್ಲಿ?

ಕೇಳುವ ಕಾರಣ ನಿಮಗೆಲ್ಲ ಗೊತ್ತುಂಟು. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಬಿಡ್ತಿದ್ದ ಕೀಟನಾಶಕ ಎಂಡೋಸಲ್ಫಾನಿನ ಸಿಂಪಡಣೆ 2000ದಲ್ಲಿ ನಿಂತಿತು. ನಿಂತ ಮೇಲೆ ಒಂದೊಂದು ತಂಡ ಬಂದು ಒಂದೊಂದು ವರದಿ ಕೊಟ್ಟಿತು. ಸಿಂಪಡಿಸುವ ಮೊದಲು ನಮ್ಮ ತೋಡಿನ ನೀರು ಹೀಗಿತ್ತು ಅಂತ ತೋರಿಸಲಿಕ್ಕೆ ನಮ್ಮ ಕೈಯಲ್ಲಿ ಒಂದು ತುಂಡು ಕಾಗದ ಇರಲಿಲ್ಲ.

ನೀರ್ಚಾಲ್_ಹುಡುಗ
ಗೈಗರ್ ಕೌಂಟರ್ ಹಿಡಿದು ನಡೆದ್ರೆ ಆಯ್ತಲ್ಲ ಅಣ್ಣ? ಆನ್‌ಲೈನಿನಲ್ಲಿ ಸಿಗ್ತದೆ. ಟಿಕ್ ಟಿಕ್ ಜಾಸ್ತಿ ಆದ್ರೆ ಉಂಟು, ಇಲ್ಲದಿದ್ರೆ ಇಲ್ಲ.

ಕೊಣಾಜೆ_ಫಿಸಿಕ್ಸ್
ಅಷ್ಟು ಸುಲಭ ಇಲ್ಲ ಮಾರಾಯ. ಆ ಟಿಕ್ ಟಿಕ್ ಎಲ್ಲ ಕಡೆ ಕೇಳ್ತದೆ. ಉಳ್ಳಾಲದ ಕಡಲ ಬದಿ ಕರಿ ಹೊಯಿಗೆ ಉಂಟಲ್ಲ, ಅದರಲ್ಲಿ ಮೋನಜೈಟ್ ಅನ್ನುವ ಖನಿಜ ಇರ್ತದೆ, ಮೋನಜೈಟಿನಲ್ಲಿ ವಿಕಿರಣ ಬಿಡುವ ಥೋರಿಯಂ. ಅಲ್ಲಿ ಸ್ವಾಭಾವಿಕ ವಿಕಿರಣ ಹೆಚ್ಚು ಅಂತ ಮಂಗಳೂರು ವಿಶ್ವವಿದ್ಯಾಲಯದವರು ತೊಂಬತ್ತರ ದಶಕದಲ್ಲೇ ಅಳೆದು ಪ್ರಕಟಿಸಿದ್ದಾರೆ. ಕೊಲ್ಲಂ ಕಡೆ ಚವರ, ನೀಂಡಕರದಲ್ಲಿ ಇನ್ನೂ ಜಾಸ್ತಿ. ಮನೆಗೆ ಗ್ರಾನೈಟ್ ಹಾಸಿದ್ರೂ ರೀಡಿಂಗ್ ಬದಲಾಗ್ತದೆ.

ಇನ್ನೊಂದು ವಿಷಯ. ಅಣು ಒಡೆದಾಗ ಹುಟ್ಟುವ ವಿಕಿರಣ ವಸ್ತು ಸೀಸಿಯಂ-137 ಸಿಕ್ಕಿದ್ರೆ ಅದು ಸ್ಥಾವರದಿಂದಲೇ ಬಂದದ್ದು ಅಂತ ಹೇಳ್ಲಿಕ್ಕೆ ಆಗುವುದಿಲ್ಲ. 1950-60ರ ದಶಕದಲ್ಲಿ ಅಮೆರಿಕ, ರಷ್ಯಾದವರು ಆಕಾಶದಲ್ಲಿ ಬಾಂಬ್ ಸಿಡಿಸಿ ನೋಡಿದ್ರಲ್ಲ, ಅದರ ಬೂದಿ ಮಳೆಯ ಜೊತೆ ಲೋಕವಿಡೀ ಬಿದ್ದಿದೆ. ಮಳೆ ಜಾಸ್ತಿ ಇರುವಲ್ಲಿ ಜಾಸ್ತಿ. ಹಾಗಾಗಿ ಅಣುಸ್ಥಾವರವೇ ಇಲ್ಲದ ನಮ್ಮ ಕಾಡಿನ ಮಣ್ಣಲ್ಲೂ ಒಂಚೂರು ಸಿಗ್ತದೆ. ಸೊನ್ನೆ ಬರಬೇಕು ಅಂತ ಹಠ ಹಿಡಿದ್ರೆ ಯಾವ ಜಾಗವೂ ಪಾಸಾಗುವುದಿಲ್ಲ.

ಮಂಜೇಶ್ವರ_ಕಡಲು
ಸೀಸಿಯಂನ ಅರ್ಧಾಯುಷ್ಯ 30 ವರ್ಷ. ಅಂದ್ರೆ 60 ವರ್ಷ ಬೇಲಿ ಹಾಕಿ ಇಟ್ರೆ ಪೂರ್ತಿ ಹೋಗ್ತದೆ. ಅಳೆಯುವ ರಗಳೆ ಯಾಕೆ?

ಕೊಣಾಜೆ_ಫಿಸಿಕ್ಸ್
ಅರ್ಧಾಯುಷ್ಯ ಅಂದ್ರೆ ಇದ್ದದ್ದು ಅರ್ಧ ಆಗುವ ಕಾಲ. 60 ವರ್ಷಕ್ಕೆ ಕಾಲು ಪಾಲು ಉಳೀತದೆ, 90ಕ್ಕೆ ಎಂಟನೇ ಒಂದು ಪಾಲು. ಕೋಬಾಲ್ಟ್-60 ಬೇಗ ಇಳೀತದೆ, ಅದರದ್ದು 5.27 ವರ್ಷ. ಪ್ಲುಟೋನಿಯಂ-239 ಇದ್ದರೆ ಕಾಯುವ ಮಾತೇ ಇಲ್ಲ, ಅದರದ್ದು ಸುಮಾರು 24,000 ವರ್ಷ. ಯಾವುದು ಉಂಟು ಅಂತ ಗೊತ್ತಿಲ್ಲದೆ ಎಷ್ಟು ವರ್ಷ ಕಾಯಬೇಕು ಅಂತ ಹೇಳುವುದು ಹೇಗೆ?

ಆರೋಗ್ಯಭೌತ_ನಿವೃತ್ತ
ನಾನು ವಿಕಿರಣ ಸುರಕ್ಷತೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವ, ಈಗ ಕುಂಬಳೆ ಹತ್ತಿರ ಇದ್ದೇನೆ. ಗೊತ್ತಿದ್ದದ್ದನ್ನು ಬರೀತೇನೆ, ಸ್ವಲ್ಪ ಉದ್ದ ಆಗ್ತದೆ.

ಮೊದಲು ಮೀಟರ್ ಹಿಡಿಯುವುದಿಲ್ಲ, ಮೊದಲು ಕಡತ ಓದುವುದು. ಯಾವ ವರ್ಷ ಯಾವ ಪೈಪ್ ಸೋರಿತು, ಎಲ್ಲಿ ಡ್ರಮ್ ಇಟ್ಟಿದ್ರು, ಯಾವ ಚರಂಡಿ ಮುಚ್ಚಿ ಮೇಲೆ ಡಾಂಬರು ಹಾಕಿದ್ರು. ಹಳೆ ಲಾಗ್‌ಬುಕ್, ಹಳೆ ಫೋಟೋ, ಹಳೆ ಕೆಲಸಗಾರರ ಮಾತು ಎಲ್ಲ ಸೇರಿಸಿ ಜಾಗದ ಜಾತಕ ಬರೆಯಬೇಕು. ಈ ಹಂತದಲ್ಲಿ ಒಂದು ಸೋರಿಕೆ ಬಿಟ್ಟುಹೋದ್ರೆ ಮುಂದೆ ಎಷ್ಟು ಒಳ್ಳೆ ಯಂತ್ರ ಇದ್ದರೂ ಅದು ಸಿಗುವುದು ಅದೃಷ್ಟದ ಮೇಲೆ.

ಆಮೇಲೆ ಜಾಗವನ್ನು ತುಂಡು ಮಾಡ್ತಾರೆ. ಅಮೆರಿಕದ ನಾಲ್ಕು ಸಂಸ್ಥೆಗಳು ಸೇರಿ 1997ರಲ್ಲಿ ತಂದ ಮಾರ್ಸಿಮ್ ಅನ್ನುವ ಕೈಪಿಡಿ ಉಂಟು, ಲೋಕದಲ್ಲಿ ಬಹಳ ಕಡೆ ಅದೇ ದಾರಿ ಹಿಡೀತಾರೆ. ಮಲಿನ ಆಗಿರುವ ಸಂಶಯ ಹೆಚ್ಚು ಇದ್ದರೆ ಒಂದನೇ ವರ್ಗ. ಅಂಥ ನೆಲದ ಒಂದು ತುಂಡು 2,000 ಚದರ ಮೀಟರ್ ದಾಟಬಾರದು, ನಮ್ಮ ಲೆಕ್ಕದಲ್ಲಿ ಸುಮಾರು 50 ಸೆಂಟ್ಸ್. ಅದರ ಅಂಗುಲ ಅಂಗುಲವನ್ನೂ ಸ್ಕ್ಯಾನ್ ಮಾಡ್ಬೇಕು. ಸಂಶಯ ಕಡಿಮೆ ಆದ ಹಾಗೆ ತುಂಡು ದೊಡ್ಡದು, ಸ್ಕ್ಯಾನ್ ಕಡಿಮೆ.

ನನಗೆ ಆ ಕೈಪಿಡಿಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು: ಜಾಗ ಮಿತಿ ಮೀರಿ ಮಲಿನವಾಗಿದೆ ಅಂತಲೇ ಇಟ್ಟುಕೊಂಡು ಲೆಕ್ಕ ಸುರು ಮಾಡ್ತಾರೆ. ಅಲ್ಲ ಅಂತ ಸಾಬೀತು ಮಾಡುವ ಹೊರೆ ಸ್ಥಾವರದವರದ್ದು. ಸ್ಯಾಂಪಲ್ ಕಡಿಮೆ ತೆಗೆದ್ರೆ ಅವರಿಗೇ ನಷ್ಟ, ಸಾಬೀತು ಆಗುವುದಿಲ್ಲ.

ಪಡ್ರೆ_ಅಕ್ಕ
ಎಂಡೋಸಲ್ಫಾನ್ ವಿಷಯದಲ್ಲಿ ಈ ಮಾತು ನಮ್ಮಲ್ಲಿ ಉಲ್ಟಾ ಇತ್ತು. ಮಲಿನ ಆಗಿದೆ ಅಂತ ನಾವೇ ತೋರಿಸಬೇಕಿತ್ತು. ಮಗುವನ್ನು ಎತ್ತಿಕೊಂಡು ಶಿಬಿರದಿಂದ ಶಿಬಿರಕ್ಕೆ ಹೋಗಿ ಕ್ಯೂ ನಿಂತದ್ದು ತಾಯಂದಿರು.

ಹೊಸಂಗಡಿ_ಇಂಜಿನಿಯರ್
ಅಕ್ಕ, ಆ ನೋವು ಗೊತ್ತುಂಟು. ಆದರೆ ಎರಡನ್ನೂ ಒಟ್ಟಿಗೆ ಕಟ್ಟುವುದು ಬೇಡ. ಅಂಕಿ ನೋಡಿ. ಲೋಕದ ಒಬ್ಬ ಮನುಷ್ಯನಿಗೆ ಸ್ವಾಭಾವಿಕವಾಗಿಯೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ಸಿಗ್ತದೆ. ಅಮೆರಿಕದಲ್ಲಿ ಮುಚ್ಚಿದ ಸ್ಥಾವರದ ಜಾಗ ಬಿಟ್ಟುಕೊಡಲಿಕ್ಕೆ ಮಿತಿ ವರ್ಷಕ್ಕೆ 0.25. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೇಳುವುದು 0.3ರ ಒಳಗೆ. ಎದೆಯ ಒಂದು ಸಿಟಿ ಸ್ಕ್ಯಾನಿಗೆ ಇದರ ಎಷ್ಟೋ ಪಟ್ಟು ಆಗ್ತದೆ. ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯಲ್ಲಿ ಸ್ವಾಭಾವಿಕ ವಿಕಿರಣ ಅಷ್ಟು ಜಾಸ್ತಿ ಇದ್ದೂ ಅದರಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ ಅಂತ 2009ರ ಅಧ್ಯಯನ ಹೇಳ್ತದೆ. ಹೆದರಿಸುವ ಮೊದಲು ಪ್ರಮಾಣ ನೋಡ್ಬೇಕು.

ಪಡ್ರೆ_ಅಕ್ಕ
ನಿಮ್ಮ ಅಂಕಿ ಸರಿ ಇರಬಹುದು ತಮ್ಮ. ನನ್ನ ಪ್ರಶ್ನೆ, 0.25 ಅಂತ ಬರೆದುಕೊಟ್ಟ ಕಾಗದವನ್ನು ನಾನು ಯಾಕೆ ನಂಬಬೇಕು? ಹೆಲಿಕಾಪ್ಟರಿನಲ್ಲಿ ಬಿಟ್ಟದ್ದು ಕೂಡ ಸುರಕ್ಷಿತ ಅಂತ ಕಾಗದ ಇತ್ತು.

ಆರೋಗ್ಯಭೌತ_ನಿವೃತ್ತ
ಇಬ್ಬರೂ ಹೇಳುವುದು ಸರಿ. ಮಿತಿ ಸಣ್ಣದು ಹೌದು. ಆದರೆ 0.25 ಮಿಲಿಸೀವರ್ಟನ್ನು ಮೀಟರಿನಲ್ಲಿ ನೇರ ಓದಲಿಕ್ಕೆ ಆಗುವುದಿಲ್ಲ, ಅದು ಲೆಕ್ಕ ಹಾಕಿ ಬರುವ ಅಂಕಿ. ಮುಂದೆ ಈ ಜಾಗದಲ್ಲಿ ಒಂದು ರೈತ ಕುಟುಂಬ ಮನೆ ಕಟ್ತದೆ, ಅಲ್ಲಿಯ ಬಾವಿ ನೀರು ಕುಡೀತದೆ, ಅಲ್ಲೇ ಬೆಳೆದ ತರಕಾರಿ ತಿನ್ತದೆ, ಅಲ್ಲಿ ಮೇದ ದನದ ಹಾಲು ಕುಡೀತದೆ ಅಂತ ಊಹಿಸಿ, ಮಣ್ಣಿನ ಒಂದು ಗ್ರಾಮಿನಲ್ಲಿ ಎಷ್ಟು ಬೆಕೆರೆಲ್ (ಸೆಕೆಂಡಿಗೆ ಎಷ್ಟು ಪರಮಾಣು ಕ್ಷಯಿಸ್ತದೆ ಅನ್ನುವ ಲೆಕ್ಕ) ಇದ್ದರೆ ಆ ಕುಟುಂಬಕ್ಕೆ 0.25 ಆಗ್ತದೆ ಅಂತ ಹಿಂದಿನಿಂದ ಲೆಕ್ಕ ತೆಗೀತಾರೆ. ಅಳೆಯುವುದು ಆ ಬೆಕೆರೆಲನ್ನು. ಊಹೆ ತಪ್ಪಿದರೆ ಅಳತೆ ಎಷ್ಟು ಚೊಕ್ಕ ಇದ್ದರೂ ಉತ್ತರ ತಪ್ಪು.

ಪೆರ್ಲ_ತೋಟದಮನೆ
ನೀವು ಹೇಳಿದ ಆ ರೈತ ಕುಟುಂಬ ನಮ್ಮದೇ ಅಲ್ವಾ! ಅಡಿಕೆ ತೋಟ, ಹಿತ್ತಿಲ ಬಸಳೆ, ಹಟ್ಟಿಯಲ್ಲಿ ಕಾಸರಗೋಡು ಕುಳ್ಳ ದನ, ನೀರಿಗೆ ಗುಡ್ಡ ಕೊರೆದ ಸುರಂಗ. ಅಮೆರಿಕದವರಿಗೆ ಅದು ಕಾಗದದ ಮೇಲಿನ ಊಹೆ, ನಮಗೆ ದಿನದ ಬದುಕು.

ಬಾಯಾರು_ಸುರಂಗ
ಸುರಂಗದ ವಿಷಯ ಬಂದದ್ದು ಒಳ್ಳೆಯದಾಯ್ತು. ನಮ್ಮ ಅಜ್ಜನ ಕಾಲದ ಸುರಂಗ ಗುಡ್ಡದ ಒಳಗೆ ಬಾಗಿ ಬಾಗಿ ಹೋಗ್ತದೆ. ಮುರಕಲ್ಲಿನ ಗೋಡೆ ಯಾವಾಗಲೂ ಬೆವರಿದ ಹಾಗೆ, ಒಳಗೆ ಒಂದು ಕಡೆ ಗೇಣು ಅಗಲದ ಬಿರುಕಿನಿಂದ ನೀರು ಸಣ್ಣಗೆ ಬರ್ತದೆ, ಅದು ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ಕೆರೆಗೆ. ಮಳೆ ನಿಂತು ವಾರಗಟ್ಟಲೆ ಆದ ಮೇಲೆ ಕೂಡ ನೀರಿನ ಜೋರು ಏರಿಳಿತದೆ. ಆ ನೀರು ಗುಡ್ಡದ ಯಾವ ಮೂಲೆಯಿಂದ ಬರ್ತದೆ ಅಂತ ನಮಗೇ ಗೊತ್ತಿಲ್ಲ. ಇದನ್ನು ಯಾವ ಲೆಕ್ಕದಲ್ಲಿ ಹಾಕ್ತಾರೆ?

ಕೊಣಾಜೆ_ಫಿಸಿಕ್ಸ್
ಒಳ್ಳೆ ಪ್ರಶ್ನೆ ಮಾವ. ಸೀಸಿಯಂ ಸಾಮಾನ್ಯವಾಗಿ ಜೇಡಿಗೆ ಗಟ್ಟಿ ಅಂಟಿ ಮೇಲಿನ ಮಣ್ಣಿನಲ್ಲೇ ನಿಲ್ತದೆ, ಆದರೆ ಎಲ್ಲ ಜೇಡಿಗೂ ಆ ಹಿಡಿತ ಇಲ್ಲ. ಮುರಕಲ್ಲಿನ ಮಣ್ಣಲ್ಲಿ ಹೆಚ್ಚಾಗಿ ಇರುವ ಕಯೊಲಿನೈಟ್ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಸ್ಟ್ರಾಂಷಿಯಂ-90 ಇನ್ನೂ ಸುಲಭವಾಗಿ ನೀರಿನ ಜೊತೆ ಜಾರ್ತದೆ. ಟ್ರಿಟಿಯಂ ಅಂದ್ರೆ ವಿಕಿರಣಶೀಲ ಜಲಜನಕ, ಅದಂತೂ ನೀರೇ ಆಗಿರ್ತದೆ, ನೀರು ಹೋದಲ್ಲೆಲ್ಲ ಹೋಗ್ತದೆ. ಕೈಗಾದಂಥ ಭಾರಜಲ ಸ್ಥಾವರದಲ್ಲಿ ಟ್ರಿಟಿಯಂ ಹೆಚ್ಚು ಉತ್ಪತ್ತಿ ಆಗ್ತದೆ. ಬೇರೆ ದೇಶದ ಮಣ್ಣಿನ ಅಂಕಿಯನ್ನು ಹಾಗೇ ತಂದು ನಮ್ಮ ಗುಡ್ಡಕ್ಕೆ ಹಾಕಿದ್ರೆ ಸರಿ ಬರುವುದಿಲ್ಲ.

ನೀರ್ಚಾಲಿನ ತಮ್ಮನಿಗೆ: ನೀನು ಹೇಳಿದ ಆನ್‌ಲೈನ್ ಮೀಟರಿಗೆ ಟ್ರಿಟಿಯಂ ಕಾಣುವುದೇ ಇಲ್ಲ, ಅದರ ಬೀಟಾ ಕಿರಣ ಅಷ್ಟು ದುರ್ಬಲ. ಸ್ಟ್ರಾಂಷಿಯಂ ಗಾಮಾ ಕಿರಣ ಬಿಡುವುದಿಲ್ಲ, ರಾಸಾಯನಿಕವಾಗಿ ಬೇರೆ ಮಾಡಿ ಎಣಿಸಬೇಕು. ಖರ್ಚಿನ ಕೆಲಸ.

ನೀರ್ಚಾಲ್_ಹುಡುಗ
ಹಾಗಾದ್ರೆ ಪ್ರತಿ ಸ್ಯಾಂಪಲಿಗೂ ಅದನ್ನೆಲ್ಲ ಮಾಡ್ತಾರಾ?

ಆರೋಗ್ಯಭೌತ_ನಿವೃತ್ತ
ಇಲ್ಲ. ಕೆಲವು ಸ್ಯಾಂಪಲಿನಲ್ಲಿ ಪೂರ್ತಿ ನೋಡಿ, ಸೀಸಿಯಂ ಇಷ್ಟು ಇದ್ದಲ್ಲಿ ಸ್ಟ್ರಾಂಷಿಯಂ ಇಷ್ಟು ಅಂತ ಅನುಪಾತ ಕಟ್ತಾರೆ. ಉಳಿದ ಕಡೆ ಸೀಸಿಯಂ ಅಳೆದು ಗುಣಿಸುವುದು. ಕಾಂಕ್ರೀಟಿನ ಒಳಗೆ ಈ ಅನುಪಾತ ಸಾಧಾರಣ ಹೊಂದಿ ಬರ್ತದೆ. ಮಣ್ಣಿನಲ್ಲಿ, ಅದೂ ನಮ್ಮ ಮಳೆಯಲ್ಲಿ, ಒಂದು ಮುಂದೆ ಓಡಿ ಇನ್ನೊಂದು ಹಿಂದೆ ಉಳಿದರೆ ಅನುಪಾತವೇ ಮುರೀತದೆ. ನನ್ನ ಅಭಿಪ್ರಾಯದಲ್ಲಿ ಇಂಥ ಊರಿನಲ್ಲಿ ನೀರನ್ನು ಅನುಪಾತಕ್ಕೆ ಬಿಡಬಾರದು, ನೇರ ಅಳೆಯಬೇಕು. ಅಮೆರಿಕದ ಕನೆಕ್ಟಿಕಟ್ ಯಾಂಕೀ ಸ್ಥಾವರ 1996ರಲ್ಲಿ ನಿಂತಿತು. ಒಡೆಯುವಾಗ ನೋಡಿದ್ರೆ ಅಂತರ್ಜಲದಲ್ಲಿ ಸ್ಟ್ರಾಂಷಿಯಂ-90! ಮಣ್ಣು, ಬಂಡೆ ಅಗೆದು ತೆಗೆಯಬೇಕಾಯ್ತು. ಜಾಗ ಬಿಡುಗಡೆ ಆಗುವಾಗ 2007.

ಕಟ್ಟಡದ ಒಳಗಿನ ಕೆಲಸವನ್ನೂ ಹೇಳ್ತೇನೆ. ಮೀಟರಿನ ಪ್ರೋಬ್ ನೆಲಕ್ಕೆ ತಾಗಬಾರದು, ಸುಮಾರು ಒಂದು ಸೆಂಟಿಮೀಟರ್ ಮೇಲೆ ಹಿಡಿದು ಬಹಳ ನಿಧಾನ ಸರಿಸಬೇಕು. ಬೇಗ ಸರಿಸಿದರೆ ಸಣ್ಣ ಚುಕ್ಕೆ ತಪ್ಪಿಹೋಗ್ತದೆ. ಬೆನ್ನು ಬಗ್ಗಿಸಿ ಇಡೀ ದಿನ ಮಾಡುವ ಕೆಲಸ, ಮಧ್ಯಾಹ್ನ ಮೇಲೆ ಕೈ ತನ್ನಿಂತಾನೇ ಬೇಗ ಓಡ್ತದೆ, ಮೇಲ್ವಿಚಾರಕ ನೋಡಬೇಕಾದ್ದು ಅದನ್ನೇ. ಆಮೇಲೆ ಸ್ಮಿಯರ್: ದುಂಡಗಿನ ಫಿಲ್ಟರ್ ಕಾಗದವನ್ನು ಎರಡು ಬೆರಳಲ್ಲಿ ಒತ್ತಿ 100 ಚದರ ಸೆಂಟಿಮೀಟರ್ ಒರೆಸಿ, ಆ ಕಾಗದವನ್ನು ಎಣಿಸುವುದು. ಒರೆಸಿದರೆ ಬರುವ ಧೂಳು ಬೇರೆ, ಅಂಟಿಕೊಂಡದ್ದು ಬೇರೆ, ಎರಡಕ್ಕೂ ಲೆಕ್ಕ ಬೇರೆ. ಆಲ್ಫಾ ಕಿರಣ ಆದ್ರೆ ಒಂದು ಪದರ ಪೇಂಟ್ ಇದ್ದರೂ ಮರೆ ಆಗ್ತದೆ. ರಿಯಾಕ್ಟರಿನ ಸುತ್ತಲಿನ ಕಾಂಕ್ರೀಟಿಗೆ ನ್ಯೂಟ್ರಾನ್ ಬಡಿದು ಕಾಂಕ್ರೀಟೇ ವಿಕಿರಣಶೀಲ ಆಗಿರ್ತದೆ, ಕೋಬಾಲ್ಟ್, ಯೂರೋಪಿಯಂ. ಅಲ್ಲಿ ಒರೆಸಿ ಪ್ರಯೋಜನ ಇಲ್ಲ, ಕೊರೆದು ಕೋರ್ ತೆಗೆದು ಎಷ್ಟು ಆಳದವರೆಗೆ ಹೋಗಿದೆ ನೋಡ್ಬೇಕು.

ಕುಂಬಳೆ_ಮಾಷ್ಟ್ರು
ಮಣ್ಣಿನ ಪರೀಕ್ಷೆ ಹೇಗೆ? ಶಾಲೆ ಮಕ್ಕಳಿಗೆ ಹೇಳಲಿಕ್ಕೂ ಆಗ್ತದೆ.

ಕೊಣಾಜೆ_ಫಿಸಿಕ್ಸ್
ಮಾಷ್ಟ್ರೆ, ಮಣ್ಣು ತಂದು ಬೇರು, ಕಲ್ಲು ಹೆಕ್ಕಿ, 110 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ ಜರಡಿ ಹಿಡೀತೇವೆ. ಡಬ್ಬಕ್ಕೆ ತುಂಬಿ ಗಾಳಿ ಹೋಗದ ಹಾಗೆ ಮುಚ್ಚಿ ಸುಮಾರು ಒಂದು ತಿಂಗಳು ಇಡ್ತೇವೆ, ರೇಡಿಯಂ ಮತ್ತು ಅದು ಕ್ಷಯಿಸಿ ಹುಟ್ಟುವ ಅದರ ಸಂತತಿ ಸಮತೋಲನಕ್ಕೆ ಬರಲಿಕ್ಕೆ. ಆಮೇಲೆ ದ್ರವ ಸಾರಜನಕದಿಂದ ತಂಪು ಮಾಡಿದ ಜರ್ಮೇನಿಯಂ ಡಿಟೆಕ್ಟರಿನ ಮೇಲೆ. ಪರದೆಯಲ್ಲಿ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಗೆರೆ ಎದ್ರೆ ಸೀಸಿಯಂ, 1460ರಲ್ಲಿ ಎದ್ರೆ ಪೊಟ್ಯಾಸಿಯಂ-40. ಪೊಟ್ಯಾಸಿಯಂ ಯಾವ ಮಣ್ಣಲ್ಲೂ ಇರ್ತದೆ, ಬಾಳೆಹಣ್ಣಲ್ಲೂ. ಮಕ್ಕಳನ್ನು ಕರ್ಕೊಂಡು ಬನ್ನಿ, ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣಶೀಲತೆಗೇ ಒಂದು ಸಂಶೋಧನಾ ಕೇಂದ್ರ ಉಂಟು.

ಮಂಜೇಶ್ವರ_ಕಡಲು
ಸ್ಯಾಂಪಲ್ ಎಲ್ಲಿಂದ ತೆಗೆಯುವುದು ಅಂತ ಯಾರು ನಿರ್ಧಾರ ಮಾಡುವುದು? ಅಡಿಕೆ ಗೋಣಿಯ ಬಾಯಲ್ಲಿ ಒಳ್ಳೆ ಚಾಲಿ ಇಟ್ಟು ತೋರಿಸಿದ ಹಾಗೆ ಆದ್ರೆ?

ಆರೋಗ್ಯಭೌತ_ನಿವೃತ್ತ
ಅದಕ್ಕೇ ಮೊದಲ ಬಿಂದುವನ್ನು ಯಾದೃಚ್ಛಿಕವಾಗಿ ಆರಿಸಿ ಅಲ್ಲಿಂದ ತ್ರಿಕೋನದ ಜಾಲ ಹಾಕ್ತಾರೆ, ಯಾರಿಗೂ ಬೇಕಾದಲ್ಲಿ ತೆಗೆಯಲಿಕ್ಕೆ ಆಗುವುದಿಲ್ಲ. ಆದರೆ ಮೋಸ ಮಾಡುವವ ಜಾಲವನ್ನೂ ದಾಟ್ತಾನೆ. ಸ್ಯಾನ್‌ಫ್ರಾನ್ಸಿಸ್ಕೊದ ಹಂಟರ್ಸ್ ಪಾಯಿಂಟ್ ಅನ್ನುವ ಹಳೆ ನೌಕಾ ಹಡಗುಕಟ್ಟೆಯಲ್ಲಿ ವಿಕಿರಣ ಶುದ್ಧೀಕರಣ ನಡೀತಿತ್ತು. ಸಂಶಯದ ಜಾಗದ್ದು ಅಂತ ಹೇಳಿ ಬೇರೆ ಕಡೆಯ ಒಳ್ಳೆ ಮಣ್ಣು ತುಂಬಿಸಿ ಲ್ಯಾಬಿಗೆ ಕಳಿಸಿದ್ರು. ಗುತ್ತಿಗೆ ಕಂಪನಿಯ ಇಬ್ಬರು ಮೇಲ್ವಿಚಾರಕರಿಗೆ 2018ರಲ್ಲಿ ಜೈಲು ಆಯ್ತು, ಅಲ್ಲಿ ಪುನಃ ಅಳತೆ ಮಾಡಬೇಕಾಯ್ತು. ಪಡ್ರೆ ಅಕ್ಕ ಕೇಳಿದ್ದಕ್ಕೆ ಉತ್ತರ ಇದರಲ್ಲೇ ಉಂಟು. ಸ್ಥಾವರದವರು ಅಳೆದ ಮೇಲೆ, ಅವರಿಂದ ಸಂಬಳ ತೆಗೊಳ್ಳದ ಇನ್ನೊಬ್ಬರು ಬಂದು ಪುನಃ ಅಳೆಯಬೇಕು.

ಹೊಸಂಗಡಿ_ಇಂಜಿನಿಯರ್
ನಮ್ಮಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಉಂಟಲ್ಲ, 1983ರಿಂದ. ಸ್ಥಾವರ ಕಳಚುವ ಖರ್ಚಿಗೆ ವಿದ್ಯುತ್ತಿನ ಪ್ರತಿ ಯೂನಿಟಿಗೆ 2 ಪೈಸೆ ತೆಗೆದಿಡುವ ವ್ಯವಸ್ಥೆಯೂ ಉಂಟು.

ಕುಂಬಳೆ_ಮಾಷ್ಟ್ರು
ಮಂಡಳಿ ಉಂಟು ಸರಿ. ಆದರೆ ಮಹಾಲೇಖಪಾಲರ 2012ರ ವರದಿ ಓದಿ. ಸ್ಥಾವರ ಕಳಚುವ ಬಗ್ಗೆ ಮಂಡಳಿಯ ಕೈಪಿಡಿ ಬಂದು 13 ವರ್ಷ ಕಳೆದ್ರೂ ದೇಶದ ಒಂದೇ ಒಂದು ಅಣುವಿದ್ಯುತ್ ಸ್ಥಾವರಕ್ಕೆ, 30 ವರ್ಷ ಓಡಿದ್ದಕ್ಕೂ, ನಿಂತುಹೋದದ್ದಕ್ಕೂ, ಕಳಚುವ ಯೋಜನೆ ಇರಲಿಲ್ಲ ಅಂತ ಅದರಲ್ಲಿ ಉಂಟು. ಮಂಡಳಿಗೆ ಬೇಕಾದಷ್ಟು ಸ್ವಾತಂತ್ರ್ಯ ಇಲ್ಲ ಅಂತಲೂ ಉಂಟು. ರಾಜಸ್ಥಾನ ಅಣುಸ್ಥಾವರದ ಮೊದಲ ಘಟಕ 2004ರಿಂದ ನಿಂತೇ ಇದೆ. ಕೈಪಿಡಿ ಬರೆದವರು ಅದರ ಪ್ರಕಾರ ನಡೆಸಲೂ ಬೇಕು.

ಹೊಸಂಗಡಿ_ಇಂಜಿನಿಯರ್
ವರದಿ ಬಂದ ಮೇಲೆ ಕೆಲಸ ಮುಂದೆ ಹೋಗಿದೆ. ಹಳೆ ವರದಿ ಹಿಡಿದು ಎಲ್ಲವನ್ನೂ ಅಳೆಯಬೇಡಿ ಮಾಷ್ಟ್ರೆ.

ಕುಂಬಳೆ_ಮಾಷ್ಟ್ರು
ಮುಂದೆ ಹೋಗಿದ್ದರೆ ಸಂತೋಷ. ಅದರ ಕಾಗದ ಊರವರ ಕೈಗೆ ಬರಲಿ. ಕನ್ನಡದಲ್ಲಿ ಬರಲಿ.

ಮಧೂರು_ಕನ್ನಡತಿ
ಮಾಷ್ಟ್ರು ನನ್ನ ಬಾಯಿಯ ಮಾತು ತೆಗೆದ್ರು. ಪರಿಸರ ವರದಿಯ ಸಾರಾಂಶ ಇಂಗ್ಲಿಷಿನಲ್ಲಿ ಮತ್ತು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅಂತ 2006ರ ಅಧಿಸೂಚನೆಯಲ್ಲಿ ಉಂಟು. ಸ್ಥಳೀಯ ಅಂದ್ರೆ ಮಲಯಾಳ ಒಂದೇ ಅಂತ ಮಾಡ್ತಾರೆ. ನಮ್ಮ ಅಮ್ಮ ರೇಷನ್ ಕಾರ್ಡಿನ ಫಾರ್ಮ್ ಓದಿಸಲಿಕ್ಕೆ ಪಕ್ಕದ ಮನೆಯವರನ್ನು ಕಾಯ್ತಾರೆ. ಬಾವಿ ನೀರಿನ ವಿಷಯವನ್ನೂ ಬೇರೆಯವರ ಬಾಯಿಂದ ಕೇಳಬೇಕಾ?

ಮಂಜೇಶ್ವರ_ಕಡಲು
ಚೀಮೇನಿ ಹೊಸದುರ್ಗ ತಾಲೂಕು ಅಕ್ಕ, ಅಲ್ಲಿ ಮಲಯಾಳವೇ.

ಮಧೂರು_ಕನ್ನಡತಿ
ಜಿಲ್ಲೆ ಒಂದೇ ಅಲ್ವಾ? ಗಾಳಿಗೂ ಮೀನಿಗೂ ತಾಲೂಕು ಉಂಟಾ?

ಉಪ್ಪಳ_ಗುಜರಿ
ನನ್ನದು ಹಳೆ ಕಬ್ಬಿಣದ ವ್ಯಾಪಾರ, ಹಾಗಾಗಿ ಕೇಳ್ತೇನೆ. ಒಡೆದ ಕಬ್ಬಿಣ ಎಲ್ಲಿಗೆ ಹೋಗ್ತದೆ? 2010ರಲ್ಲಿ ದಿಲ್ಲಿಯ ಮಾಯಾಪುರಿಯಲ್ಲಿ ಹರಾಜಿನಲ್ಲಿ ಬಂದ ಹಳೆ ಯಂತ್ರದೊಳಗೆ ಕೋಬಾಲ್ಟ್ ಇತ್ತು, ನಮ್ಮ ಕಸುಬಿನವ ಒಬ್ಬ ಸತ್ತ, ಕೆಲವರು ಆಸ್ಪತ್ರೆ ಸೇರಿದ್ರು. ಆವಾಗಿಂದ ದೊಡ್ಡ ಆಸ್ಪತ್ರೆಯ, ಕಾರ್ಖಾನೆಯ ಭಾರದ ಪೆಟ್ಟಿಗೆ ಬಂದ್ರೆ ನಾನು ಒಡೆಯಲಿಕ್ಕೆ ಬಿಡುವುದಿಲ್ಲ.

ಆರೋಗ್ಯಭೌತ_ನಿವೃತ್ತ
ನೀವು ಮಾಡುವುದು ನೂರಕ್ಕೆ ನೂರು ಸರಿ. ಸ್ಥಾವರದಿಂದ ಹೊರಗೆ ಹೋಗುವ ವಸ್ತುವಿಗೆ ಮಿತಿ ಜಾಗಕ್ಕಿಂತ ಬಿಗಿ: ವರ್ಷಕ್ಕೆ 10 ಮೈಕ್ರೋಸೀವರ್ಟಿನ ಮಟ್ಟ, ಅಂದ್ರೆ 0.01 ಮಿಲಿಸೀವರ್ಟ್. ಕೋಬಾಲ್ಟ್-60, ಸೀಸಿಯಂ-137 ಆದ್ರೆ ಗ್ರಾಮಿಗೆ 0.1 ಬೆಕೆರೆಲ್. ಕಬ್ಬಿಣ ಕರಗಿ ಎಲ್ಲಿಗೆ ಹೋಗ್ತದೆ, ಯಾರ ಮನೆಯ ಸರಳಾಗ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ. ಆ ಕನೆಕ್ಟಿಕಟಿನಲ್ಲೇ ಸ್ಥಾವರದ ಕಾಂಕ್ರೀಟ್ ಇಟ್ಟಿಗೆಗಳು ಹಿಂದೆಯೇ ಊರವರ ಕೈಗೆ ಹೋಗಿದ್ದವು, ಹುಡುಕಿ ವಾಪಸ್ ತರಬೇಕಾಯ್ತು.

ಪೆರ್ಲ_ತೋಟದಮನೆ
ಎಲ್ಲ ಕೆಲಸ ಸರಿಯಾಗಿ ಮುಗಿದ ಜಾಗ ಲೋಕದಲ್ಲಿ ಉಂಟಾ?

ಆರೋಗ್ಯಭೌತ_ನಿವೃತ್ತ
ಉಂಟು. ಮೇನ್ ಯಾಂಕೀ, ಅಮೆರಿಕದ್ದೇ. 1972ರಿಂದ ಓಡಿ, 1996ರಲ್ಲಿ ನಿಂತು, 2005ಕ್ಕೆ ಕಳಚುವ ಕೆಲಸ ಮುಗಿಯಿತು. ಊರವರು, ರಾಜ್ಯದವರು ಪಟ್ಟು ಹಿಡಿದು ಮಿತಿಯನ್ನು 0.25ರಿಂದ 0.10 ಮಿಲಿಸೀವರ್ಟಿಗೆ ಇಳಿಸಿದ್ರು, ಅಂತರ್ಜಲಕ್ಕೆ ಬೇರೆಯೇ 0.04. ಕೇಳಿದ್ದಕ್ಕೆ ಸಿಕ್ಕಿತು. ಆದರೆ ಸುಟ್ಟ ಇಂಧನ 60 ಕಾಂಕ್ರೀಟ್ ಪೀಪಾಯಿಗಳಲ್ಲಿ ಅಲ್ಲೇ ಉಳಿಯಿತು, ಕಾವಲು ಸಮೇತ. ಕೊಂಡೊಯ್ಯಲಿಕ್ಕೆ ಜಾಗ ಇಲ್ಲ.

ಮತ್ತೆ ಪೆರ್ಲದವರ ಮೊದಲ ಮಾತಿಗೆ ಬರ್ತೇನೆ. ಹಿನ್ನೆಲೆ ವಿಕಿರಣ, ಅಂದ್ರೆ ಸ್ಥಾವರಕ್ಕೆ ಮೊದಲೇ ಇದ್ದದ್ದು, ಎಷ್ಟಿತ್ತು ಅಂತ ಗೊತ್ತಿಲ್ಲದಿದ್ರೆ ಬೇರೆ ಕಡೆಯ ಹೋಲುವ ಜಾಗ ಹುಡುಕಿ ಅದರ ಜೊತೆ ಹೋಲಿಸ್ತಾರೆ, ಮತ್ತೆ ಆ ಜಾಗ ಹೋಲ್ತದಾ ಇಲ್ವಾ ಅಂತಲೇ ಜಗಳ. ಕೈಗಾದಲ್ಲಿ ಸ್ಥಾವರ ಸುರು ಆಗುವ ಮೊದಲೇ ಮಣ್ಣು, ನೀರು, ಹಾಲು, ಮೀನು ಅಳೆದಿಟ್ಟಿದ್ದಾರೆ. ನಮ್ಮ ಜಿಲ್ಲೆಗೆ ಸ್ಥಾವರ ಬರಲಿ ಬಿಡಲಿ, ಈಗಿನ ಅಳತೆ ಈಗಲೇ ಆಗಬೇಕು, ಅದರ ಪ್ರತಿ ಪಂಚಾಯತಿನಲ್ಲಿ ಇರಬೇಕು.

ಪಡ್ರೆ_ಅಕ್ಕ
ಇದನ್ನು ನಾನು ಒಪ್ತೇನೆ. ಗ್ರಾಮಸಭೆಯಲ್ಲಿ ಇಡುವ. ಅಳೆಯುವಾಗ ಎಂಡೋಸಲ್ಫಾನನ್ನೂ ಸೇರಿಸಿ, ಗೋಡೌನಿನಲ್ಲಿ ಉಳಿದ ಅದರ ಬ್ಯಾರಲಿನ ಕಥೆ ಇನ್ನೂ ಮುಗಿಯಲಿಲ್ಲ.

ಹೊಸಂಗಡಿ_ಇಂಜಿನಿಯರ್
ಇದಕ್ಕೆ ನನ್ನ ಸಹಿಯೂ ಉಂಟು. ಸ್ಥಾವರ ಬೇಕು ಅನ್ನುವವರೇ ಮೊದಲು ಕೇಳಬೇಕಾದ್ದು ಇದು. ಅರ್ಜಿ ಟೈಪ್ ಮಾಡಿ ಕೊಡ್ತೇನೆ, ಮಲಯಾಳಕ್ಕೆ ಯಾರಾದ್ರೂ ಮಾಡಿ.

ಮಧೂರು_ಕನ್ನಡತಿ
ಮಲಯಾಳ ನಾನು ಮಾಡ್ತೇನೆ.

ಬಾಯಾರು_ಸುರಂಗ
ನಮ್ಮ ಸುರಂಗದ ನೀರು ತೆಗೊಳ್ಳಿ, ಪಕ್ಕದ ಮನೆಯವರೂ ಕೊಡ್ತಾರೆ. ಯಾವುದರಲ್ಲಿ ತುಂಬಿಸುವುದು? ಮಿನರಲ್ ವಾಟರ್ ಬಾಟ್ಲಿ ಆಗ್ತದಾ?

ಕೊಣಾಜೆ_ಫಿಸಿಕ್ಸ್
ಬೇಡ ಮಾವ. ಟ್ರಿಟಿಯಂಗೆ ಗಾಜಿನ ಬಾಟ್ಲಿ, ಕಂಠದವರೆಗೆ ತುಂಬಿಸಿ ಬಿಗಿ ಮುಚ್ಚಬೇಕು, ಅದಕ್ಕೆ ಏನೂ ಹಾಕಬಾರದು. ಸೀಸಿಯಂ, ಸ್ಟ್ರಾಂಷಿಯಂಗೆ ದಪ್ಪ ಪ್ಲಾಸ್ಟಿಕ್ ಕ್ಯಾನು, ಅದಕ್ಕೆ ನೈಟ್ರಿಕ್ ಆಸಿಡ್ ಹಾಕ್ಲಿಕ್ಕುಂಟು, ಅದನ್ನು ನಾವೇ ಬಂದು ಹಾಕ್ತೇವೆ, ನೀವು ಮುಟ್ಟಬೇಡಿ. ಮಳೆಗಾಲಕ್ಕೆ ಒಂದು ಸಲ, ಮಾರ್ಚ್-ಏಪ್ರಿಲಿಗೆ ಒಂದು ಸಲ ತೆಗೆಯುವ. ತಾರೀಕು, ಹೊತ್ತು, ಹಿಂದಿನ ವಾರ ಮಳೆ ಬಂದಿತ್ತಾ ಇಲ್ವಾ, ಮೂರನ್ನೂ ಚೀಟಿಯಲ್ಲಿ ಬರೆದು ಅಂಟಿಸಿ. ಪೆನ್ಸಿಲಿನಲ್ಲೇ ಬರೀರಿ, ಶಾಯಿ ಒದ್ದೆಯಾದ್ರೆ ಹೋಗ್ತದೆ.